ಸಬ್ಬಕ್ಕಿ ಕಾಳಿನಷ್ಟು ಕಳ್ಳಿ

ಸರಸ್ವತಿಪುರದಲ್ಲಿ ಆ ಮನೆಯ ಮಹಡಿ ಖಾಲಿಯಿದೆ ಎಂದು ತಿಳಿದು ನೋಡಲು ಹೋದಾಗ ಮನೆಯ ಯಜಮಾನರು ನಮಗೆ ಅಡುಗೆಮನೆ ತೋರಿಸಲಿಲ್ಲ, ನೀರು ಯಾವ ಹೊತ್ತಿಗೆ ಬರುತ್ತದೆಂದೂ ಹೇಳಲಿಲ್ಲ. ಸೀದಾ ತಾರಸಿಗೆ ಕರೆದುಕೊಂಡು ಹೋದರು.

"ಮೊದಲು ಇದನ್ನ ನೋಡ್ಕಳಿ. ಇದು ಒಪ್ಪಿಗೆ ಆದ್ರೆ ಮಿಕ್ಕಿದ್ದು ಮಾತಾಡೋಣ."

ತಾರಸಿಯ ತುಂಬ ಕಳ್ಳಿ. ಹಳೆಯ ಕಬ್ಬಿಣದ ಬೀರುವಿನ ಹಲಗೆಗಳು, ಅವುಗಳ ಮೇಲೆ ನೆರಳಿಗೆ ಕಟ್ಟಿದ ಹಸಿರು ಪರದೆ, ಪರದೆಯ ಕೆಳಗೆ ಸಾಲಾಗಿ ಕುಂಡಗಳು, ಮೊಸರಿನ ಡಬ್ಬಿಗಳು, ಐಸ್‌ಕ್ರೀಮಿನ ಕಪ್ಪುಗಳು. ಒಂದರಲ್ಲೂ ಗಿಡವೆಂದರೆ ಗಿಡ ಅನ್ನುವ ಹಾಗಿಲ್ಲ. ಕೆಳಗೆ ಮೂರು ಮೂಲೆಯ ಹಸಿರು ಕಾಂಡ, ಅದರ ತಲೆಯ ಮೇಲೆ ಕೆಂಪು ಚೆಂಡು. ಇನ್ನೊಂದರಲ್ಲಿ ಕೆಳಗೆ ಎಲೆಗಳಿರುವ ಒಂದು ಬಡಕಲು ಕಡ್ಡಿ, ಅದರ ತುದಿಯಲ್ಲಿ ನಕ್ಷತ್ರದಾಕಾರದ ಗುಂಡು. ದೇವರು ಅವಸರದಲ್ಲಿ ರುಂಡ ಮುಂಡ ಅದಲು ಬದಲು ಮಾಡಿಬಿಟ್ಟನೇನೋ ಅನ್ನುವಂತಿತ್ತು.

"ಏನ್ ಸಾರ್ ಇದು, ಕೆಳಗೊಂದು ಮೇಲೊಂದು?" ಎಂದೆ.

"ನಮ್ಮ ನಿಮ್ಮ ಹಾಗೇ ಕಣಮ್ಮ. ಕೆಳಗೆ ಓನರ್ರು, ಮೇಲೆ ಬಾಡಿಗೆಯವರು. ಹೊಂದ್ಕೊಂಡ್ರೆ ಇಬ್ಬರೂ ಬದುಕ್ತಾರೆ."

ಹಾಗೆ ನಾವು ಅವರ ಮನೆಯ ಮೇಲೆ ಕೂತೆವು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ನಾವು ರಾಮಕೃಷ್ಣನಗರದ ಸ್ವಂತ ಮನೆಗೆ ಬಂದಿದ್ದೆವು. ಅವರ ಬದುಕಿನ ಕಥೆ ಹೇಳು ಎಂದರೆ ನನಗೆ ಬಾರದು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಬೀದಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು, ಅಷ್ಟು ಗೊತ್ತು. ಎಲ್ಲಿ ಓದಿದರು, ಎಲ್ಲೆಲ್ಲಿ ವರ್ಗವಾದರು, ಅದನ್ನೆಲ್ಲ ನಾನು ಕೇಳಿದವಳಲ್ಲ. ನನಗೆ ಗೊತ್ತಿರುವುದು ಅವರ ತಾರಸಿ. ನಾನು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ ಬೆಳಗ್ಗೆ ಬೇಗ ಮುಗಿಯುತ್ತಿತ್ತು. ಮನೆಗೆ ಬಂದವಳು ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಹತ್ತಿದರೆ ಇಳಿಯುವ ಹೊತ್ತಿಗೆ ಬಟ್ಟೆ ಒಣಗಿರುತ್ತಿತ್ತು.

ಎತ್ತರದ ಆಳು, ಬೆನ್ನು ಸ್ವಲ್ಪ ಬಾಗು. ಬೇರೆಯವರ ಜೇಬಿನಲ್ಲಿ ಪೆನ್ನು ಇರುವ ಕಡೆ ಇವರಿಗೆ ಒಂದು ಭೂತಗನ್ನಡಿ, ಒಂದು ಸಣ್ಣ ಬಣ್ಣದ ಕುಂಚ. ಎಡಗೈ ಮಣಿಕಟ್ಟಿನ ತುಂಬ ರಬ್ಬರ್ ಬ್ಯಾಂಡು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದವರು. ಊರು ಬಿಟ್ಟು ಎಷ್ಟು ಕಾಲವಾಗಿದ್ದರೂ ನಾಲಿಗೆಯನ್ನು ಬದಲಾಯಿಸಿಕೊಂಡವರಲ್ಲ.

"ನೋಡವ್ವ, ನಾನು ಎರಡು ಬಳೆ ತೊಟ್ರೆ ನಮ್ಮೆಜಮಾನ್ರು ಇಪ್ಪತ್ತು ಬಳೆ ತೊಟ್ಕೊಂಡವ್ರೆ. ಮಲ್ಲಿಗೆ ಬೆಳೆಯೋ ಊರಲ್ಲಿ ಕೂತ್ಕೊಂಡು ಮುಳ್ಳು ಸಾಕ್ತಾರಲ್ಲ, ಇವ್ರಿಗೆ ಎಂಗೆ ಬುದ್ಧಿ ಏಳೋದು?"

"ಮಲ್ಲಿಗೆ ಸಂಜೆಗೆ ಬಾಡುತ್ತೆ ಕಣೇ."

"ನಿಮ್ಮದು ಬಾಡೋಕೆ ಎಲೆನೇ ಇಲ್ವಲ್ಲ. ಎತ್ತೋರಿಗೆ ಎಗ್ಗಣ ಮುದ್ದು ಬುಡಿ."

ಅಕ್ಕ ತಾರಸಿಯಲ್ಲಿ ತುಳಸಿಕಟ್ಟೆಯವರೆಗೆ ಬರುತ್ತಿದ್ದರು, ಪ್ರದಕ್ಷಿಣೆ ಹಾಕುತ್ತಿದ್ದರು, ಹಿಂದಿರುಗುತ್ತಿದ್ದರು. ಪರದೆಯ ಒಳಗೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ.

ಶಿರಸ್ತೇದಾರರು ಕಸಿ ಮಾಡುವುದನ್ನು ಮೊದಲ ಸಲ ನೋಡಿದ ದಿನ ನಾನು ಉಸಿರು ಬಿಗಿಹಿಡಿದಿದ್ದೆ. ಮಾವಿಗೆ, ಗುಲಾಬಿಗೆ ಕಸಿ ಕಟ್ಟುವುದನ್ನು ಯಾರಾದರೂ ಕಂಡಿರುತ್ತಾರೆ. ಇಲ್ಲಿ ಕತ್ತರಿಸಬೇಕಾದದ್ದು ಈಗಷ್ಟೇ ಮೊಳೆತ ಕಳ್ಳಿಯ ಸಸಿ. ಸಾಸಿವೆಗಿಂತ ಕೊಂಚ ದಪ್ಪ, ಅಷ್ಟೆ. ಮೊದಲು ಎಲೆಗಳಿರುವ ಆ ಬಡಕಲು ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಒಂದೇ ಏಟಿಗೆ ಹಾರಿಸುತ್ತಿದ್ದರು. ಅದು ಬೇರು ಕೊಡುವ ಗಿಡ. ಕತ್ತರಿಸಿದ ಜಾಗದ ನಡುವೆ ಸೂಜಿಯ ಕಣ್ಣಿನಷ್ಟು ಸಣ್ಣ ಉಂಗುರವೊಂದು ಕಾಣುತ್ತದೆ. ನೀರು, ಅನ್ನ ಹರಿಯುವುದು ಅದರಲ್ಲೇ. ಆಮೇಲೆ ಸಸಿಯನ್ನು ಬುಡದಲ್ಲಿ ಕತ್ತರಿಸಿದರೆ ಅದಕ್ಕೂ ಅಂಥದೇ ಉಂಗುರ. ಗಾಯ ಒಣಗುವುದರೊಳಗೆ ಇದನ್ನು ಅದರ ಮೇಲೆ ಕೂರಿಸಬೇಕು.

"ನಡುಮಧ್ಯಕ್ಕೆ ಇಡಬಾರದು ಕಣಮ್ಮ. ಚಿಕ್ಕ ಉಂಗುರ ದೊಡ್ಡ ಉಂಗುರದ ಒಳಗೆ ಬಿದ್ದುಬುಟ್ರೆ ಎರಡಕ್ಕೂ ಸಂಬಂಧವೇ ಇಲ್ಲ. ಸ್ವಲ್ಪ ವಾರೆಯಾಗಿ ಇಟ್ರೆ ಎಲ್ಲಾದ್ರೂ ಒಂದು ಕಡೆ ಗೆರೆ ಗೆರೆ ಅಡ್ಡ ಹಾಯುತ್ತೆ. ಅಷ್ಟು ಸಾಕು. ಕೆಳಗಿನದು ಖಾತೆದಾರ, ಮೇಲಿನದು ಅನುಭೋಗದಾರ. ತಕರಾರಿಲ್ಲದ ಹಾಗೆ ಹದ್ದುಬಸ್ತು ಮಾಡೋದಷ್ಟೇ ನಮ್ಮ ಕೆಲಸ."

ಕಚೇರಿ ಬಿಟ್ಟರೂ ಕಚೇರಿಯ ಮಾತು ಅವರನ್ನು ಬಿಟ್ಟಿರಲಿಲ್ಲ. ಕಸಿ ಹತ್ತಿದರೆ 'ಮಂಜೂರು'. ಒಣಗಿ ಉದುರಿದರೆ 'ವಜಾ'. ಮಳೆಗಾಲದಲ್ಲಿ ಬುಡ ಕೊಳೆತು ಮೇಲಿನದೂ ಹೋದರೆ ಕೊಳೆತದ್ದನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದರು. ಆಮೇಲೆ, "ಮೇಲ್ಮನವಿಗೆ ಅವಕಾಶವಿಲ್ಲ" ಎಂದು ಕುಂಡ ತೊಳೆಯುತ್ತಿದ್ದರು.

ಯಾಕೆ ಈ ಹುಚ್ಚು ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಹಾಲಿನವನಿಗೆ, ನೀರು ಕಮ್ಮಿ ಸಾಕು ಅದಕ್ಕೆ. ಪಕ್ಕದ ಮನೆಯವರಿಗೆ, ಬೆಕ್ಕು ಬರೋಲ್ಲ ಅದಕ್ಕೆ. ಅಶೋಕಪುರದಿಂದ ಒಬ್ಬರು ಗಿಡ ಕೇಳಿಕೊಂಡು ಬಂದು, "ಶೋಕೇಸಿಗೆ ಬೇಕಿತ್ತು, ಮುಳ್ಳು ಕಮ್ಮಿ ಇರೋದು ಕೊಡಿ" ಎಂದಾಗ, "ಮುಳ್ಳು ಕಮ್ಮಿ ಬೇಕಾದ್ರೆ ಕೊತ್ತಂಬರಿ ಬೆಳೀರಿ ಸ್ವಾಮಿ" ಎಂದು ಕಾಫಿ ಕೊಟ್ಟು ಬರಿಗೈಯಲ್ಲಿ ಕಳಿಸಿದ್ದರು. ನಾನೂ ಬಿಡದೆ ಕೇಳಿದೆ. ಒಂದು ದಿನ ನನ್ನ ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿಕೊಂಡಿತ್ತು. ಎಳೆದರೆ ಸೀರೆ ಹರಿಯಬೇಕು ಇಲ್ಲವೇ ಗಿಡ ಬೀಳಬೇಕು. ಅವರು ಕುಂಚದ ಹಿಡಿಯಿಂದ ಒಂದೊಂದೇ ಮುಳ್ಳು ಬಿಡಿಸುತ್ತ ಕೂತಿದ್ದರು. ಓಡಿಹೋಗಲು ನನಗೂ ದಾರಿಯಿರಲಿಲ್ಲ, ಅವರಿಗೂ ಇರಲಿಲ್ಲ.

"ಈಗಲಾದ್ರೂ ಹೇಳಿ ಸಾರ್. ಯಾಕೆ ಕಸಿ? ಬೀಜ ಹಾಕಿದ್ದೀರಿ, ಅದರ ಪಾಡಿಗದು ಬೆಳೆಯಲ್ವೇ?"

"ಬೆಳೆಯುತ್ತೆ. ಗೋಲಿಯಷ್ಟಾಗೋಕೇ ವರ್ಷಗಟ್ಟಲೆ. ಎರಡು ಗಿಡದ ಹೂವಿಗೆ ನಾನೇ ಕುಂಚ ಆಡಿಸಿ ಬೀಜ ಕಟ್ಟಿಸ್ತೀನಿ. ಆ ಬೀಜದ ಒಳಗೆ ಇರೋನು ಯಾರು, ಅಪ್ಪನ ಹಾಗೋ ಅಮ್ಮನ ಹಾಗೋ, ಇಲ್ಲಾ ಇಬ್ಬರನ್ನೂ ಬಿಟ್ಟು ಯಾವ ಮುತ್ತಾತನ ಹಾಗೋ, ಅದು ದೊಡ್ಡದಾದ್ರೆ ತಾನೇ ತಿಳಿಯೋದು? ಇನ್ನೊಬ್ಬನ ಬೇರಿನ ಮೇಲೆ ಕೂತ್ರೆ ಒಂದೇ ವರ್ಷದಲ್ಲಿ ಮುಖ ತೋರಿಸಿಬುಡುತ್ತೆ. ನನಗೆ ಮುಖ ನೋಡ್ಬೇಕು. ಕಾಯೋಕೆ ನನ್ನ ಹತ್ರ ಅಷ್ಟು ಸರ್ವೀಸ್ ಇಲ್ಲ."

ಇದನ್ನು ಅವರು ದುಃಖದಿಂದ ಹೇಳಲಿಲ್ಲ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವರ ಹಾಗೆ ಹೇಳಿ, ಕೊನೆಯ ಮುಳ್ಳು ಬಿಡಿಸಿ, "ಹೋಗಿ, ಸೀರೆ ಉಳೀತು" ಎಂದರು.

ನಾವು ಅಲ್ಲಿದ್ದ ಕೊನೆಯ ವರ್ಷದ ಮಳೆಗಾಲದಲ್ಲಿ ಅವರ ಕಸಿಗಳು ಒಂದರ ಹಿಂದೆ ಒಂದು ವಜಾ ಆಗತೊಡಗಿದವು. ಕೂರಿಸಿದ ಸಸಿ ಜಾರಿ ಬೀಳುವುದು, ಕತ್ತರಿಸಿದ್ದು ಓರೆಯಾಗುವುದು. ಬ್ಲೇಡು ಸರಿಯಿಲ್ಲ ಎಂದರು, ಕಸಿ ಬಿಗಿಯುವ ರಬ್ಬರ್ ಬ್ಯಾಂಡಿನ ಕಂಪನಿ ಬದಲಾಗಿದೆ ಎಂದರು, ಗಾಳಿಯಲ್ಲಿ ತೇವ ಜಾಸ್ತಿ ಎಂದರು. ನಾನು ನಂಬಿದೆ. ಕಾಫಿ ಕೊಟ್ಟರೆ ಮಾತ್ರ ಕೈಗೆ ತೆಗೆದುಕೊಳ್ಳದೆ "ಅಲ್ಲಿಡಿ, ಆರಲಿ" ಎನ್ನುತ್ತಿದ್ದರು. ಬಿಸಿ ಬಿಸಿ ಕಾಫಿಗೆ ಪ್ರಾಣ ಬಿಡುತ್ತಿದ್ದ ಮನುಷ್ಯನಿಗೆ ಇದೇನು ಹೊಸ ಚಾಳಿ ಎಂದುಕೊಂಡಿದ್ದೆ.

ಗೌರಿ ಗಣೇಶ ಕಳೆದ ಮೇಲೆ ಒಂದು ಬೆಳಗ್ಗೆ ಮೇಲಿನಿಂದ ಕೂಗಿದರು. ಯಾವತ್ತೂ ಕೂಗುವವರಲ್ಲ, ಬಿದ್ದರೇನೋ ಎಂದು ಓಡಿದೆ. ಮೊಳಕೆಯ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಭೂತಗನ್ನಡಿಯನ್ನು ನನ್ನ ಕೈಗೆ ತುರುಕಿದರು. ಹಸಿರು ಚುಕ್ಕಿಗಳ ನಡುವೆ ಒಂದೇ ಒಂದು ಸಸಿ ಬೇರೆಯಾಗಿತ್ತು. ಹಸಿರಿನ ಸುಳಿವೇ ಇಲ್ಲ. ಬೆಂದ ಸಬ್ಬಕ್ಕಿ ಕಾಳಿಗೆ ಒಂದು ತೊಟ್ಟು ಗುಲಾಬಿ ಬಣ್ಣ ಬೆರೆಸಿದ ಹಾಗೆ.

"ಎಷ್ಟು ಚೆನ್ನಾಗಿದೆ!" ಎಂದೆ.

"ಚೆನ್ನಾಗಿದೆ. ಸಾಯುತ್ತೆ."

"ಅಂದ್ರೆ?"

"ಹಸಿರಿದ್ರೆ ತಾನೇ ಬಿಸಿಲಲ್ಲಿ ಅಡಿಗೆ ಮಾಡ್ಕೊಳ್ಳೋದು? ಇದಕ್ಕೆ ಒಲೆನೇ ಇಲ್ಲ. ಬೀಜದಲ್ಲಿ ಕಟ್ಟಿಕೊಟ್ಟಿರೋ ಬುತ್ತಿ ಮುಗಿಯೋ ತನಕ ಇರುತ್ತೆ. ಅಷ್ಟರಲ್ಲಿ ಇನ್ನೊಬ್ಬರ ಬೇರಿನ ಮೇಲೆ ಕೂರಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಇಂಥದು ಹುಟ್ಟಿರಲಿಲ್ಲ ಕಣಮ್ಮ."

ಆಮೇಲೆ ನಾನು ದಿನಾ ಕೇಳುತ್ತಿದ್ದೆ, "ಇವತ್ತು ಕಸಿನಾ ಸಾರ್?" ಅವರು ದಿನಾ, "ಇನ್ನೊಂಚೂರು ಬಲೀಲಿ" ಎನ್ನುತ್ತಿದ್ದರು. ಬೀದಿಯಲ್ಲಿ ಮನೆಮನೆಯಲ್ಲೂ ಗೊಂಬೆ ಕೂತವು. ಅರಮನೆಯ ಕಡೆಗೆ ಹೋಗುವ ಬಸ್ಸುಗಳಲ್ಲಿ ನಿಲ್ಲಲು ಜಾಗವಿಲ್ಲ. ಇವರು ಮಾತ್ರ ಡಬ್ಬಿಯ ಮುಂದೆ ಕೂತು, ಬ್ಲೇಡು ತೆಗೆಯುವುದು, ನೋಡುವುದು, ಮತ್ತೆ ಕಾಗದದಲ್ಲಿ ಸುತ್ತಿ ಇಡುವುದು.

ಆಯುಧಪೂಜೆಯ ಬೆಳಗ್ಗೆ ನಾನು ತಾರಸಿಗೆ ಹೋದಾಗ ಶಿರಸ್ತೇದಾರರ ಮುಖ ಕಪ್ಪಿಟ್ಟಿತ್ತು. ಸಸಿಯ ಗುಲಾಬಿ ಹೋಗಿ ಗಾಜಿನ ಹಾಗಾಗಿತ್ತು. ಆ ಕಡೆ ಈ ಕಡೆ ಕಾಣುವಷ್ಟು ತೆಳು.

"ಬುತ್ತಿ ಮುಗೀತು. ಇವತ್ತು ಆಗದಿದ್ರೆ ನಾಳೆಗೆ ಇರಲ್ಲ. ಬ್ಲೇಡು ಎಲ್ಲಿದೆ ಗೊತ್ತಾ? ದೇವರ ಮುಂದೆ."

ಅಕ್ಕ ಹಿಂದಿನ ಸಂಜೆಯೇ ಮನೆಯಲ್ಲಿ ಅಲಗು ಎಂಬುದು ಇರುವುದನ್ನೆಲ್ಲ ಒಟ್ಟುಮಾಡಿ ಪೂಜೆಗೆ ಇಟ್ಟಿದ್ದರು. ಈಳಿಗೆಮಣೆ, ಮಚ್ಚು, ಕತ್ತರಿ, ಉಗುರುಕತ್ತರಿ, ಶಿರಸ್ತೇದಾರರ ಬ್ಲೇಡಿನ ಪೊಟ್ಟಣ. ನಮ್ಮ ಮನೆಯ ಚಾಕುಗಳನ್ನೂ "ಒಟ್ಟಿಗೇ ಆಗೋಗ್ಲಿ" ಎಂದು ಒಯ್ದಿದ್ದರು. ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ಬೆಳಗ್ಗೆಯವರೆಗೆ ಎತ್ತುವಂತಿಲ್ಲ.

"ಹೊಸಾದು ತರ್ತೀನಿ ಇರಿ" ಎಂದು ನಾನು ಮೂಲೆಯ ಅಂಗಡಿಗೆ ಓಡಿದೆ. ರಸ್ತೆಯ ತುಂಬ ಒಡೆದ ಬೂದುಗುಂಬಳ, ಆಟೋಗಳಿಗೆಲ್ಲ ಬಾಳೆಕಂದು. ಅಂಗಡಿಯವನು ಹೊಸ ಪಂಚೆಯುಟ್ಟು ತಕ್ಕಡಿಗೆ ಹಾರ ಹಾಕಿ ಕೂತಿದ್ದ.

"ಬ್ಲೇಡು, ಕತ್ರಿ ಇವತ್ತು ಕೊಡಾಂಗಿಲ್ಲ ಮೇಡಂ. ಡಬ್ಬೀನೇ ಪೂಜೆಗೆ ಇಟ್ಬುಟ್ಟಿದೀನಿ. ನಾಳೆ ಬನ್ನಿ, ಪುಕ್ಕಟೆ ಬೇಕಾದ್ರೂ ಕೊಡ್ತೀನಿ. ಪುರಿ ತಗೊಳ್ಳಿ."

ಕೈಯಲ್ಲಿ ಪುರಿ ಹಿಡಿದು ವಾಪಸು ಬಂದೆ. ಅಷ್ಟರಲ್ಲಿ ಗಂಡ ಹೆಂಡತಿಗೆ ದೇವರ ಮನೆಯ ಬಾಗಿಲಲ್ಲೇ ವಾದ ಹತ್ತಿತ್ತು.

"ಒಂದೇ ಒಂದು ಬ್ಲೇಡು ಕಣೇ. ಒಂದು ನಿಮಿಷ."

"ವರ್ಷವೆಲ್ಲ ದುಡಿಸ್ಕೊಂಡಿದ್ದೀರಿ, ಒಂದಿನ ಮಲಗಾಕೆ ಬುಡಿ ಅವನ್ನ. ನಿಮ್ಮ ಕಚೇರಿಗೆ ರಜೆ ಇರ್ತಿರ್ಲಿಲ್ವಾ?"

"ಪ್ರಾಣದ ಪ್ರಶ್ನೆ ಇದು."

"ಯಾರ ಪ್ರಾಣ? ಕಳ್ಳೀದಾ?"

ಮಾತಿಗೆ ಮಾತು ಸೇರಿಸದೆ ಶಿರಸ್ತೇದಾರರು ಮೆಟ್ಟಿಲು ಹತ್ತಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಅಕ್ಕನಿಗೂ ಹಾಗೇ ಅನ್ನಿಸಿರಬೇಕು. ಸೆರಗಿಗೆ ಕೈ ಒರೆಸಿಕೊಂಡು ಹಿಂದೆಯೇ ಬಂದರು. ತುಳಸಿ ದಾಟಿದರು, ಪರದೆ ಸರಿಸಿದರು, ಒಳಗೆ ಬಂದರು. ನಾನು ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಅಯ್ಯೋ, ಹಾಲು ಕುಡೀದ ಕೂಸಿನ ಅಂಗೆ ಆಗ್ಬುಟ್ಟದಲ್ಲ" ಎಂದರು. ಆಮೇಲೆ, "ಎಷ್ಟು ಮೆತ್ತಗದೆ?"

"ಬೆಂದ ಸಬ್ಬಕ್ಕಿ" ಎಂದರು ಶಿರಸ್ತೇದಾರರು, ಮುಖ ಎತ್ತದೆ.

"ಕೂರಿಸೋ ಕಡ್ಡಿ?"

"ತುದಿ ಮೆತ್ತಗೇ ಇದೆ. ಬೆಂಡೆ ಎಳೆಗಾಯಿ ಹಾಗೆ."

ಅಕ್ಕ ಕೆಳಗಿಳಿದು ಹೋದರು. ಬ್ಲೇಡು ತರುತ್ತಾರೆ ಎಂದುಕೊಂಡೆ. ತಂದದ್ದು ಹೊಲಿಗೆಯ ನೈಲಾನ್ ನೂಲಿನ ಉಂಡೆ, ಒಂದು ಹೂಬತ್ತಿ, ಲೋಟದಲ್ಲಿ ಕಾಯಿಸಿ ಆರಿಸಿದ ನೀರು.

"ನಮ್ಮವ್ವ ಆಯುಧಪೂಜೆ ದಿನ ಈಳಿಗೆ ಮುಟ್ತಿರ್ಲಿಲ್ಲ. ಅಂಗಂತ ಅಬ್ಬದಡಿಗೆ ನಿಲ್ಸಕ್ಕಾಯ್ತದಾ? ಕೊಬ್ಬರಿ ಮಿಠಾಯಿ, ಬೇಯಿಸಿದ ಗೆಣಸು, ಎಲ್ಲಾ ನೂಲಲ್ಲೇ ಕುಯ್ಯೋಳು. ಸುತ್ತಾಕಿ ಎರಡು ತುದೀನೂ ಎಳೆದ್ರೆ ಕನ್ನಡಿ ಅಂಗೆ ಕುಯ್ಯುತ್ತೆ. ನೂಲಿಗೇನೂ ಪೂಜೆ ಮಾಡಿಲ್ಲ ನಾನು. ತಕಳಿ, ಎಳೀರಿ."

ನೂಲನ್ನು ಗಂಡನತ್ತ ಚಾಚಿದರು. ಶಿರಸ್ತೇದಾರರು ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ನೀನು ಎಳಿ" ಎಂದರು.

"ನಾನಾ? ನಿಮ್ಮ ಗಿಡ, ನಿಮ್ಮ..."

"ಕನ್ನಡಕ ತಂದಿಲ್ಲ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಅಕ್ಕ ಅವರನ್ನೇ ನೋಡಿದರು.

"ಕೈ ನಡುಗೋದು ನಂಗೊತ್ತಿಲ್ಲ ಅನ್ಕೊಂಡಿದ್ದೀರಾ? ಪಂಚೆ ಮೇಲಿನ ಕಾಫಿ ಕಲೆ ಒಗೆಯೋಳು ಯಾರು? ನೀವೇ ಏಳ್ಲಿ ಅಂತ ಸುಮ್ಕಿದ್ದೆ. ಇದಕ್ಕೇನಾ ದಿನಾ ನಾಳೆ ನಾಳೆ ಅಂತಿದ್ದುದು?"

ಅವರು ತಲೆಯಾಡಿಸಿದರು. ಸಸಿ ಬಲಿಯಲಿ ಎಂದು ಅವರು ಕಾದಿದ್ದಲ್ಲ. ಕೈ ನಿಂತೀತೇ ಎಂದು ಕಾದಿದ್ದರು.

ಅಕ್ಕ ಅಲ್ಲಿದ್ದ ಸ್ಟೂಲು ಎಳೆದು ಕೂತು, "ಎಲ್ಲಿಗೆ ಸುತ್ಲಿ?" ಎಂದರು.

"ತುದಿಯಿಂದ ಒಂದು ಬೆರಳು ಕೆಳಗೆ. ಎಲೆ ಬುಡದಲ್ಲಿ ಬೇಡ, ಗಂಟಿರುತ್ತೆ. ಹೂಂ, ಅಲ್ಲೇ. ಮೆಲ್ಲಗಲ್ಲ, ಒಂದೇ ಸಲ ಎಳಿ."

ಎಳೆದರು. ಕಡ್ಡಿಯ ತುದಿ ಹಾರಿ ನನ್ನ ಕಾಲ ಬಳಿ ಬಿತ್ತು. ಗಾಯ ನಿಜಕ್ಕೂ ಕನ್ನಡಿಯಂತಿತ್ತು.

"ಈಗ ಸಸಿ. ಬುಡಕ್ಕೆ. ಒತ್ತಬೇಡ, ನೂಲೇ ಹೋಗಲಿ... ಹೋಯ್ತು. ಬತ್ತಿ ತುದಿ ಒದ್ದೆ ಮಾಡಿ ಅದರಲ್ಲಿ ಎತ್ತು. ಉಸಿರು ಬಿಡಬೇಡ."

"ನೀವು ಮಾತು ಬುಡಬೇಡಿ. ನಡುಮಧ್ಯಕ್ಕಾ?"

"ವಾರೆ. ನಿನ್ನ ಕಡೆಗೆ ಒಂಚೂರು. ಇನ್ನೂ ಒಂಚೂರು. ಸಾಕು, ಸಾಕು, ಕೈ ತೆಗಿ!"

ಮೂಗುತಿಯ ಹರಳು ಕೂರಿಸುವಷ್ಟು ಸಲೀಸಾಗಿ ಕೂರಿಸಿದ್ದರು ಅಕ್ಕ. ಎರಡು ಗಾಯಗಳ ಅಂಟೇ ಅದನ್ನು ಹಿಡಿದುಕೊಂಡಿತು. ಕತ್ತರಿಸಿಟ್ಟ ಹಳೆಯ ನೀರಿನ ಬಾಟಲಿಯೊಂದು ಅಲ್ಲೇ ಇತ್ತು. ಅದನ್ನು ನಾನು ಮೇಲೆ ಕವುಚಿದೆ. ಅಕ್ಕ ಎದ್ದು, "ಪಾಯಸಕ್ಕೆ ಇಟ್ಟು ಬಂದಿದ್ದೆ" ಎಂದು ಏನೂ ಆಗಿಲ್ಲವೆಂಬಂತೆ ಇಳಿದರು. ಶಿರಸ್ತೇದಾರರು ಮಾತ್ರ ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ. ಮರುದಿನ ಜಂಬೂಸವಾರಿಗೆ ಊರಿಗೂರೇ ಹೋಯಿತು. ಅವರು ನೆರಳು ಯಾವ ಕಡೆ ಸರಿಯುತ್ತದೋ ಆ ಕಡೆಗೆ ಬಾಟಲಿ ಕವುಚಿದ ಕುಂಡವನ್ನು ಸರಿಸುತ್ತ ಕೂತರು.

ಕಸಿ ಹತ್ತಿತೋ ಇಲ್ಲವೋ ಬಾಟಲಿ ತೆಗೆದರೆ ಗೊತ್ತಾಗುತ್ತದೆ. ಬೇಗ ತೆಗೆದರೆ ಒಣಗುತ್ತದೆ, ತಡವಾದರೆ ಬೂಸ್ಟು ಹಿಡಿಯುತ್ತದೆ. ಒಳಗೆಲ್ಲ ಬೆವರು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ದಸರೆಯ ಜನ ಕರಗಿ ಬೀದಿ ಮತ್ತೆ ನಮ್ಮದಾದ ಮೇಲೆ ಒಂದು ಬೆಳಗ್ಗೆ ಅಕ್ಕ ತಾವೇ ಮೇಲೆ ಬಂದರು. ನಾನು ಬಟ್ಟೆ ಹರವುತ್ತಿದ್ದೆ.

"ತೆಗೀರಿ ನೋಡೋಣ" ಎಂದರು ಗಂಡನಿಗೆ.

"ನೀನೇ ತೆಗಿ. ನೀನೇ ನೋಡು" ಎಂದು ಶಿರಸ್ತೇದಾರರು ಬೆನ್ನು ತಿರುಗಿಸಿ ನೀರಿನ ಟ್ಯಾಂಕನ್ನು ನೋಡುತ್ತ ನಿಂತರು. ಯಾವ ಬೀಜದ ಒಳಗೆ ಯಾರಿದ್ದಾರೋ ಎಂದು ಇಷ್ಟು ವರ್ಷ ಇಣುಕಿದ ಮನುಷ್ಯ!

"ಕೈ ನಡುಗ್ತದೆ ಸರಿ. ಕಣ್ಣೂ ನಡುಗ್ತದಾ? ಬನ್ನಿ ಈ ಕಡೆಗೆ."

ಬಂದರು. ಅಕ್ಕ ಬಾಟಲಿ ಎತ್ತಿದರು. ಶಿರಸ್ತೇದಾರರು ಬಗ್ಗಿದರು, ಭೂತಗನ್ನಡಿ ಅವರ ಕೈಯಲ್ಲಿ ಗಡಗಡ ಅಲುಗುತ್ತಿತ್ತು. ಅಕ್ಕ ಕೆಳಗಿನಿಂದ ಮಣಿಕಟ್ಟನ್ನು ಹಿಡಿದರು. ಅಲುಗುವುದು ನಿಂತಿತು.

ನೋಡಿದರು. ಸುತ್ತ ಬಂದು ಆ ಕಡೆಯಿಂದಲೂ ನೋಡಿದರು. ಗಾಜಿನಂತಿದ್ದ ಕಾಳು ಕಡಲೆಯಷ್ಟು ಉಬ್ಬಿತ್ತು, ಗುಲಾಬಿ ಬಣ್ಣ ಮರಳಿತ್ತು, ನೆತ್ತಿಯಲ್ಲಿ ಇರುವೆಯ ಮೀಸೆಯಷ್ಟು ಸಣ್ಣ ಮುಳ್ಳುಗಳ ಒಂದು ಕುಚ್ಚು ಎದ್ದಿತ್ತು.

"ಉಣ್ತಾ ಇದೆ ಕಣೇ" ಎಂದರು.

ಅಕ್ಕ ಏನಾದರೂ ಚುಚ್ಚುಮಾತು ಆಡುತ್ತಾರೆಂದು ಕಾದೆ. ಅವರು ಬಾಟಲಿಯ ಒಳಗಿನ ಬೆವರನ್ನು ಸೆರಗಿನಿಂದ ಒರೆಸುತ್ತಿದ್ದರು. ಶಿರಸ್ತೇದಾರರು ಮೂಗು ಒರೆಸಿಕೊಂಡು ಮೊಳಕೆಯ ಡಬ್ಬಿಯನ್ನು ಎಳೆದು ಅಕ್ಕನ ಮುಂದಿಟ್ಟರು. ಹಸಿರು ಸಸಿಗಳು ತುಂಬ ಇದ್ದವು. ಪಕ್ಕದಲ್ಲಿ ಬ್ಲೇಡಿನ ಪೊಟ್ಟಣ ಇಟ್ಟರು, ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ಇದೂ ಒಂದು ಮಾಡಿಬುಡು."

"ಈಗ್ಲಾ? ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಕಣ್ರೀ."

"ಒಂದೇ."

ಅಕ್ಕ ಮೆಟ್ಟಿಲ ಕಡೆ ನೋಡಿದರು, ಸಸಿಗಳ ಕಡೆ ನೋಡಿದರು. "ಇದ್ರಲ್ಲಿ ಯಾವುದು ಯಾವ ಅಂಗಾಗ್ತದೆ ಅಂತ ನಿಮಗೂ ಗೊತ್ತಿಲ್ವಾ?" ಎಂದು ಕೇಳಿದರು.

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

ಅಕ್ಕ ಸ್ಟೂಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹಾಲು ಉಕ್ಕಿ ಸೀಯುವ ವಾಸನೆ ಮೇಲಕ್ಕೆ ಬಂತು. ಅದು ಮೂವರ ಮೂಗಿಗೂ ಬಡಿದಿತ್ತು. ಒಲೆ ಆರಿಸಲು ಕೊನೆಗೆ ನಾನೇ ಇಳಿಯಬೇಕಾಯಿತು.